ಹದಿಮೂರರದೋ, ಹನ್ನೊಂದರದೋ

ರೆಡ್ಲಿ ಹಿತುವಿಗೆ ಕಡಲೆಂದರೆ ಭಯ. ಲೋಪಾಕಾದ ಆರೋಗ್ಯ ಕೇಂದ್ರದ ದೋಣಿಯನ್ನು ಹತ್ತೊಂಬತ್ತು ವರ್ಷಗಳಿಂದ ನಡೆಸುತ್ತಿರುವ ಮನುಷ್ಯ ಇದನ್ನು ಯಾರೆದುರೂ ಬಾಯಿಬಿಟ್ಟು ಹೇಳಿದವನಲ್ಲ. ಹವಳದ ಬಂಡೆಸಾಲಿನ ಕಿಂಡಿ ಹತ್ತಿರವಾಗುತ್ತಿದ್ದಂತೆ ಅವನು ಎಡಗೈಯಿಂದ ಗಲ್ಲ ಹಿಡಿದುಕೊಳ್ಳುತ್ತಾನೆ. ಗಡ್ಡ ಕೆರೆದುಕೊಳ್ಳುತ್ತಿದ್ದಾನೆ ಎಂದು ಜನ ತಿಳಿಯುತ್ತಾರೆ. ಅವನು ಹಿಡಿಯುವುದು ನಡುಗುವ ದವಡೆಯನ್ನು.

ಲೋಪಾಕಾ ಇರುವುದು ಗಟೊಕಾಯೆ ದ್ವೀಪದ ಗಾಳಿ ಬಡಿಯುವ ಮಗ್ಗುಲಲ್ಲಿ. ದಡಕ್ಕೂ ಬಂಡೆಸಾಲಿಗೂ ನಡುವೆ ಒಂದು ಪಟ್ಟಿ ತಿಳಿನೀರು. ಅದರಾಚೆ ಹೋಗಲು ಇರುವುದು ಒಂದೇ ಕಿಂಡಿ, ನಾಲ್ಕು ದೋಣಿಯಷ್ಟು ಅಗಲ. ತೆಂಕಣ ಗಾಳಿಯ ತಿಂಗಳುಗಳಲ್ಲಿ ಅಲೆಗಳು ಅಲ್ಲಿಯೇ ಎದ್ದು, ಅಲ್ಲಿಯೇ ಒಡೆಯುತ್ತವೆ. ಹೊರಗೆ ಹೋಗುವ ದೋಣಿ, ಅಲೆ ಒಡೆಯುವ ಮುನ್ನವೇ ಅದರ ನೆತ್ತಿ ಹತ್ತಬೇಕು. ಹತ್ತದಿದ್ದರೆ ಅಲೆ ದೋಣಿಯನ್ನು ಹತ್ತುತ್ತದೆ.

ಜುಲೈ ಮೊದಲ ವಾರದ ಹಡಗಿನಲ್ಲಿ ಹೊಸ ಎಂಜಿನ್ ಬಂತು. ನಲವತ್ತು ಕುದುರೆಶಕ್ತಿಯದು, ಚರ್ಚಿನ ಹೆಂಗಸರು ಎರಡು ವರ್ಷ ಬನ್ನು ಸುಟ್ಟು ಮಾರಿ ತರಿಸಿದ್ದು. ಅದರ ಜೊತೆ ರೆಡ್ಲಿ ಕೇಳಿಕೊಂಡಂತೆ ಅಂಗಡಿಯವನು ನೀರಿನೊಳಗೆ ತಿರುಗಿ ದೋಣಿಯನ್ನು ತಳ್ಳುವ ಫ್ಯಾನು ಒಂದಲ್ಲ, ಎರಡು ಕಳಿಸಿದ್ದ. ಬೇಡದ್ದನ್ನು ಮುಂದಿನ ವಾರದ ಹಡಗಿನಲ್ಲಿ ವಾಪಸು ಕಳಿಸಬೇಕು; ಗೀರು ಬಿದ್ದರೆ ತೆಗೆದುಕೊಳ್ಳುವುದಿಲ್ಲ ಎಂದು ಚೀಟಿ ಬರೆದಿದ್ದ.

ತಿರುಪು ಮೊಳೆ ಒಂದು ಸುತ್ತು ತಿರುಗಿದರೆ ಮರದೊಳಗೆ ಇಷ್ಟು ಇಳಿಯುತ್ತದೆ ಎನ್ನುವ ಹಾಗೆ, ಫ್ಯಾನು ಒಂದು ಸುತ್ತು ತಿರುಗಿದರೆ ನೀರಿನಲ್ಲಿ ಎಷ್ಟು ಇಂಚು ಮುಂದೆ ಹೋಗಬೇಕು ಎನ್ನುವುದು ಅದರ ಮೇಲೆ ಕೊರೆದಿರುತ್ತದೆ. ಒಂದರ ಮೇಲೆ ಹದಿಮೂರು, ಇನ್ನೊಂದರ ಮೇಲೆ ಹನ್ನೊಂದು. ಹದಿಮೂರರದು ಓಡುತ್ತದೆ. ಹನ್ನೊಂದರದು ಹೊರುತ್ತದೆ. ಊರಿಗೆಲ್ಲ ಹದಿಮೂರರದೇ ಬೇಕಾಗಿತ್ತು. ಆಚೆ ಊರಿನ ದೋಣಿಗಳು ತಮ್ಮನ್ನು ಹಿಂದೆ ಹಾಕಿ ಹೋಗುವಾಗ ತೋರಿಸುವ ಹಲ್ಲನ್ನು ಎಲ್ಲರೂ ಕಂಡಿದ್ದರು.

ರೆಡ್ಲಿಯ ತಲೆಯಲ್ಲಿದ್ದದ್ದು ನೆಸ್ಟಾ. ಅವನ ಅಕ್ಕ ಮೆರೊಲಿನ್‌ಳ ಮಗಳು, ಎರಡನೇ ಬಸುರಿ. ಮೊದಲ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾವಿನ ಬಾಗಿಲು ತಟ್ಟಿ ಬಂದವಳು. ಈ ಸಲ ನೋವು ಕಾಣಿಸಿದ ಕೂಡಲೇ ಆಸ್ಪತ್ರೆಗೆ ದೋಣಿ ಹೊರಡಬೇಕು, ಇಲ್ಲಿ ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ನರ್ಸ್ ಹೇಳಿಬಿಟ್ಟಿದ್ದಳು. ದಿನ ತುಂಬಲು ಎರಡು ವಾರವೂ ಇರಲಿಲ್ಲ.

ಯಾವುದು ಹಾಕುತ್ತೀಯ ಎಂದು ಕೇಳಿದವರಿಗೆಲ್ಲ ರೆಡ್ಲಿ ನೋಡೋಣ ಎನ್ನುತ್ತಿದ್ದ. ನಾಲ್ಕು ವರ್ಷದ ಹಿಂದೆ ಹಳೆಯ ಎಂಜಿನ್ನಿನ ಫ್ಯಾನು ಬಂಡೆಗೆ ತಾಗಿ ಸೊಟ್ಟಗಾದಾಗಲೂ ಹೊಸದನ್ನು ಆರಿಸಿದವನು ಅವನೇ. ಅಲೆಯಿಲ್ಲದ ಬೆಳಗ್ಗೆ ಒಬ್ಬನೇ ಕೂತು ದೋಣಿ ಬಿಟ್ಟಿದ್ದ. ಅದು ಹಾರುಮೀನಿನಂತೆ ಹೋಗಿತ್ತು. ಮೂರನೇ ದಿನ ಎದೆನೋವೆಂದ ಲೋಡು ಎಂಬ ಚಿಕ್ಕಮ್ಮನನ್ನು ಕರೆದುಕೊಂಡು ಹೊರಟ. ಆದರೆ ಲೋಪಾಕಾದಲ್ಲಿ ರೋಗಿ ಒಬ್ಬರೇ ಆಸ್ಪತ್ರೆಗೆ ಹೋಗುವುದಿಲ್ಲ. ಮಗಳು, ಸೊಸೆ, ಅಡಿಗೆಗೊಬ್ಬರು, ಪ್ರಾರ್ಥನೆಗೊಬ್ಬರು, ಗೆಣಸಿನ ಬುಟ್ಟಿ, ಚಾಪೆಗಳು. ಬರಬೇಡ ಅಂದರೆ ನಂಟು ಮುರಿದಂತೆ. ಹನ್ನೆರಡು ಜನ ಕೂತಿದ್ದರು. ಕಿಂಡಿಯಲ್ಲಿ ದೋಣಿ ಅಲೆ ಹತ್ತದೆ ಮಗುಚಿತು. ಹನ್ನೊಂದು ಜನರನ್ನು ಹುಟ್ಟುದೋಣಿಯವರು ಎತ್ತಿಕೊಂಡರು. ಚಿಕ್ಕಮ್ಮನನ್ನು ಅಲೆ ಒಯ್ದಿತು ಎಂದು ಊರು ಹೇಳಿತು. ರೆಡ್ಲಿ ಅದನ್ನು ತಿದ್ದಲು ಹೋಗಲಿಲ್ಲ.

ಈ ಬಾರಿ ಅವನು ಅಕ್ಕನ ಮನೆಗೆ ಹೋಗಿ, ನೆಸ್ಟಾಳ ಜೊತೆ ಯಾರ್‍ಯಾರು ಬರುತ್ತಾರೆ ಎಂದು ಕೇಳಿದ. ಮೆರೊಲಿನ್ ಬೆರಳು ಮಡಚುತ್ತ ಹೋದಳು. ಅವನನ್ನು ಬಿಟ್ಟು ಹನ್ನೆರಡು ಆಯಿತು. ಒಬ್ಬೊಬ್ಬರೂ ಅಕ್ಕಿಚೀಲದಲ್ಲಿ ತಮ್ಮ ತೂಕದಷ್ಟು ಜಲ್ಲಿಕಲ್ಲು ತುಂಬಿ ಶುಕ್ರವಾರ ಬೆಳಗ್ಗೆ ದಡಕ್ಕೆ ತರಬೇಕು ಎಂದ. ಊರಿಗೆ ಊರೇ ನಕ್ಕಿತು. ಆದರೂ ತಂದರು. ತೊಲೆಯೊಂದನ್ನು ಮರದ ಕೊಂಬೆಗೆ ನೇತುಹಾಕಿ, ಒಂದು ತುದಿಗೆ ಚೀಲ, ಇನ್ನೊಂದು ತುದಿಗೆ ಅದರ ಒಡೆಯ ಜೋತುಬಿದ್ದು ಸರಿತೂಗಿಸಿದರು. ಭಾವ ಟಿಮೊಟಿಯ ಚೀಲ ಮಾತ್ರ ಮೇಲೆಯೇ ನಿಂತಿತು.

"ಏನ್ರೀ, ಮನೇಲಿ ಅಳತೆ ಮಾಡಿದ್ದು ಮದುವೆ ದಿನದ ತೂಕವಾ?" ಎಂದಳು ಮೆರೊಲಿನ್.

"ನೀನು ಹಾಕಿದ್ದೇ ತಿಂದೆ, ಜಲ್ಲಿ ಹಾಕು ಅಂದ್ರೆ ಲೆಕ್ಕ ಕೇಳ್ತೀಯ" ಎಂದು ಅವನು ಎರಡನೇ ಚೀಲ ತುಂಬಿಸಲು ಹೋದ.

ರೆಡ್ಲಿ ನಗಲಿಲ್ಲ. ದೋಣಿ ಮಗುಚಿದರೆ ಜನ ತೇಲುತ್ತಾರೆ, ಜಲ್ಲಿ ತೇಲುವುದಿಲ್ಲ. ಆದ್ದರಿಂದ ಕಿಂಡಿಯ ಕಡೆಗೆ ಹೋಗದೆ, ಉಬ್ಬರ ತುಂಬಿದ ಹೊತ್ತಿಗೆ ದಡದುದ್ದಕ್ಕೂ ಒಳನೀರಿನಲ್ಲೇ ಓಡಿಸುವುದೆಂದು ಗೊತ್ತುಮಾಡಿಕೊಂಡಿದ್ದ. ಮೊದಲು ಹದಿಮೂರರದನ್ನು ಹಾಕಿದ. ಚೀಲಗಳನ್ನು ಜನ ಕೂರುವ ಜಾಗದಲ್ಲೇ ಇಟ್ಟ. ಒಬ್ಬನೇ ಹತ್ತಿ, ಎಂಜಿನ್ನಿನ ಕಿವಿಯನ್ನು, ಅಂದರೆ ವೇಗದ ಹಿಡಿಯನ್ನು, ತಿರುವಿದ.

ದೋಣಿಯ ಮೂಗು ಎದ್ದಿತು, ಹಿಂಭಾಗ ಕುಸಿಯಿತು. ಎಂಜಿನ್ ಮರದ ದಿಮ್ಮಿ ಹೊತ್ತು ಏರು ಹತ್ತುವ ಲಾರಿಯಂತೆ ಮುಲುಗತೊಡಗಿತು. ಪೂರ್ತಿ ತಿರುವಿದರೂ ಆ ದನಿ ಮೇಲೇರಲಿಲ್ಲ. ಇನ್ನೂರು ಗಜ ಹೋಯಿತು, ಮುನ್ನೂರು ಹೋಯಿತು, ದೋಣಿ ನೀರಿನ ಮೇಲೆದ್ದು ಜಾರದೆ ಅದನ್ನು ಉಳುತ್ತಲೇ ಇತ್ತು. ಈ ದನಿ ರೆಡ್ಲಿಗೆ ಗೊತ್ತಿತ್ತು. ನಾಲ್ಕು ವರ್ಷ ಅದು ಅವನ ನಿದ್ದೆಯಲ್ಲಿ ಮುಲುಗಿತ್ತು.

ದಡಕ್ಕೆ ಬಂದಾಗ ಯಾರೂ ನಗುತ್ತಿರಲಿಲ್ಲ. ಲೋಡು ಚಿಕ್ಕಮ್ಮನ ಮಗಳು ಎದೀನಾ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಆ ದಿನ ದೋಣಿಯಲ್ಲಿ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳು.

"ಅವತ್ತೂ ಹಿಂಗೇ ಕೂಗ್ತಿತ್ತು, ಅಣ್ಣ" ಎಂದಳು.

"ಹೂಂ."

"ಅಲೆ ಅಂತ ಹೇಳಿದ್ರಲ್ಲ ಎಲ್ರೂ."

"ಅಲೆ ದಿನಾ ಇರುತ್ತೆ. ಫ್ಯಾನು ಹಾಕ್ದೋನು ನಾನು. ಖಾಲಿ ದೋಣೀಲಿ ಓಡಿಸಿ ನೋಡಿ, ಚೆನ್ನಾಗಿದೆ ಅಂತ ಹಾಕ್ದೆ. ನಮ್ಮೂರಲ್ಲಿ ದೋಣಿ ಯಾವತ್ತು ಖಾಲಿ ಹೋಗಿದೆ, ಎದೀನಾ?"

ಅವಳು ಅವನ ಮುಖ ನೋಡದೆ ದಡಕ್ಕೆ ಹೋಗಿ ತೆಂಗಿನ ಬುಡದಲ್ಲಿ ಕೂತಳು. ರೆಡ್ಲಿ ಪಿನ್ನು ಕಿತ್ತು, ಫ್ಯಾನು ಬದಲಿಸಿದ. ಪಿನ್ನು ಎರಡು ಸಲ ನೀರಿಗೆ ಬಿತ್ತು. ಟಿಮೊಟಿ ಮುಳುಗಿ ಹುಡುಕಿಕೊಟ್ಟ.

ಹನ್ನೊಂದರದಕ್ಕೆ ಎಂಜಿನ್ನಿನ ದನಿ ಏರಿತು. ದೋಣಿ ಒದ್ದಾಡಿ, ಕೊನೆಗೆ ನೀರಿನ ಮೇಲಕ್ಕೆ ಎದ್ದಿತು. ಆದರೆ ಎದ್ದದ್ದು ಒಳನೀರು ಮುಗಿಯುವ ಬಂಡೆಗಳ ಹತ್ತಿರ. ಕಿಂಡಿಯಲ್ಲಿ ಅಷ್ಟು ಉದ್ದ ಸಿಗುವುದಿಲ್ಲ. ರೆಡ್ಲಿ ತಿರುಗಿ ಬಂದು ಎಂಜಿನ್ ನಿಲ್ಲಿಸಿ, ಇನ್ನೂ ಭಾರವಿದೆ ಎಂದಷ್ಟೇ ಹೇಳಿದ. ಇಂಥವರ ಚೀಲ ಇಳಿಸಿ ಎನ್ನುವ ಮಾತು ಅವನ ಬಾಯಿಂದ ಬರುವಂತಿರಲಿಲ್ಲ. ಜನ ಕಾಲಬೆರಳಿನಿಂದ ಮರಳು ಗೀರುತ್ತ ನಿಂತರು.

ಎದೀನಾ ಎದ್ದು ಬಂದಳು. ದೋಣಿಗೆ ಕೈಚಾಚಿ ತನ್ನ ಚೀಲವನ್ನು ಎಳೆದು, ಬಾಯಿ ಬಿಚ್ಚಿ, ಜಲ್ಲಿಯನ್ನು ನೀರಿಗೆ ಸುರಿದಳು.

"ನಾನು ಬರಲ್ಲ" ಎಂದಳು. ಅದು ಸಿಟ್ಟೋ ನೆರವೋ ರೆಡ್ಲಿಗೆ ತಿಳಿಯಲಿಲ್ಲ. ಇವತ್ತಿಗೂ ಕೇಳುವ ಧೈರ್ಯ ಅವನಿಗಾಗಿಲ್ಲ.

"ನಂದೂ ಇಳಿಸಿ" ಎಂದ ಟಿಮೊಟಿ. "ಒಬ್ಬನೇ ಇಳಿದ್ರೂ ಎರಡು ಚೀಲದ ಪುಣ್ಯ." ಮೆರೊಲಿನ್ ಗಂಡನ ಕಡೆ ನೋಡಿದಳು, ಮಗಳ ಹೆರಿಗೆಗೆ ಅಪ್ಪ ಹೋಗದಿರುವುದು ಆ ಊರಲ್ಲಿ ಸಣ್ಣ ಮಾತಲ್ಲ. ಆಮೇಲೆ ಇನ್ನಿಬ್ಬರು ಬಂದು ತಮ್ಮ ಚೀಲ ಇಳಿಸಿಕೊಂಡರು. ಎಂಟು ಜನರ ಭಾರ ಉಳಿಯಿತು. ಈ ಸಲ ಓಡಿಸಿದಾಗ ದೋಣಿ ಎಂಬತ್ತು ಗಜದೊಳಗೆ ಎದ್ದಿತು.

ಆರನೇ ದಿನ ಬೆಳಗ್ಗೆ ಒಂಬತ್ತಕ್ಕೆ ನೆಸ್ಟಾಗೆ ನೋವು ಬಂತು. ಗಾಳಿ ಜೋರಾಗಿತ್ತು. ರೆಡ್ಲಿ ಕಿಂಡಿಯ ಒಳಬದಿಯಲ್ಲಿ ದೋಣಿ ನಿಲ್ಲಿಸಿ ಅಲೆ ಎಣಿಸಿದ. ದೊಡ್ಡವು ಮೂರು, ಆಮೇಲೆ ಒಂದು ಬಿಡುವು. ಬಿಡುವು ಕಂಡಾಗ ತಿರುವಿದ. ಬಿಡುವಿನಲ್ಲೂ ಒಂದು ಎದ್ದಿತು, ಹಸಿರು ಗೋಡೆ, ಮೇಲಂಚು ಆಗಲೇ ಬೆಳ್ಳಗಾಗುತ್ತಿತ್ತು. ಎಂಜಿನ್ನಿನ ದನಿ ಇಳಿಯಿತು. ಇಳಿದು, ಹಿಡಿದುಕೊಂಡು, ಏರಿತು. ದೋಣಿ ನೆತ್ತಿ ದಾಟಿ ಆಚೆ ಬಿದ್ದಾಗ ಎಲ್ಲರ ಹಲ್ಲೂ ಕಟಕಟಿಸಿದವು.

"ಮಾವ, ಮುಗೀತಾ?" ಚಾಪೆಯ ಮೇಲೆ ಮಲಗಿದ್ದ ನೆಸ್ಟಾ ಕೇಳಿದಳು.

"ಇನ್ನೊಂದಿದೆ. ನಿಮ್ಮಮ್ಮನ್ನ ಗಟ್ಟಿಯಾಗಿ ಹಿಡ್ಕೋ."

ಆಸ್ಪತ್ರೆಗೆ ಮೂರು ಗಂಟೆ ಹಿಡಿಯಿತು. ರಕ್ತ ಮತ್ತೆ ಹೋಯಿತು, ಆದರೆ ಅಲ್ಲಿ ನಿಲ್ಲಿಸುವವರಿದ್ದರು. ಗಂಡು ಮಗು.

ಮರುದಿನ ರೆಡ್ಲಿ ಎಣ್ಣೆ ಡಬ್ಬಗಳೊಂದಿಗೆ ಒಬ್ಬನೇ ಹಿಂದಿರುಗಿದ. ಖಾಲಿ ದೋಣಿಗೆ ಆ ಫ್ಯಾನು ತಕ್ಕದ್ದಲ್ಲ. ಎಂಜಿನ್ ಮಿತಿ ಮೀರಿ ಕಿರುಚುತ್ತದೆ, ಆದ್ದರಿಂದ ಕಿವಿ ಸಡಿಲಿಸಿ ಮೆಲ್ಲಗೆ ಬರಬೇಕು. ಆಚೆ ಊರಿನ ಎರಡು ದೋಣಿಗಳು ಅವನನ್ನು ಹಿಂದೆ ಹಾಕಿ, ಹಗ್ಗ ಕಟ್ಟಿ ಎಳೆಯಬೇಕಾ ಎಂದು ಸನ್ನೆ ಮಾಡಿ ಕೇಳಿದವು. ಅವನು ಕೈಬೀಸಿದ. ಮಧ್ಯಾಹ್ನದ ಹೊತ್ತಿಗೆ ಕಿಂಡಿ ಕಂಡಿತು. ಒಳಗೆ ಹೋಗುವಾಗ ಅಲೆ ಬೆನ್ನ ಹಿಂದಿನಿಂದ ಬರುತ್ತದೆ. ಅವನು ಎಂಜಿನ್ ತಗ್ಗಿಸಿ, ಹಿಂದಕ್ಕೆ ಕತ್ತು ತಿರುಗಿಸಿ ಎಣಿಸಲು ಶುರುಮಾಡಿದ. ಮೂರು ದಾಟಿದವು. ಬಿಡುವು ಬಂದದ್ದು ನಿಜವೇ ಎಂದು ನಂಬಿಕೆ ಬಾರದೆ ಮತ್ತೆ ಮೊದಲಿನಿಂದ ಎಣಿಸಿದ.