ಕಾವು ಹತ್ತಿದ ಬಿಳಿ ವೈನ್

ಹೊಸಪೇಟೆಯ ಮೇ ತಿಂಗಳನ್ನು ಬಲ್ಲವರು ಯಾರೂ ಮಧ್ಯಾಹ್ನ ಹನ್ನೆರಡು ಗಂಟೆಗೆ ಮನೆಗೆ ಕರೆಯುವುದಿಲ್ಲ. ನನ್ನ ತಮ್ಮ ಕರೆದ. ಅದೂ ಊಟಕ್ಕಲ್ಲ, ಬಿಳಿ ವೈನ್ ಕುಡಿಯುವುದಕ್ಕೆ. ಬಿಸಿಲು ಹೆಚ್ಚಿದಷ್ಟೂ ಅದರ ಮಜಾ ಹೆಚ್ಚಂತೆ. ಕಂಪ್ಲಿಯಲ್ಲಿ ಅಪ್ಪ ಕಟ್ಟಿದ ಅಕ್ಕಿ ಗಿರಣಿಯನ್ನು ನಡೆಸುವ ಈ ಮಹಾಶಯ ಐವತ್ತು ಬೇಸಿಗೆಗಳನ್ನು ಮಜ್ಜಿಗೆ ಕುಡಿದೇ ದಾಟಿದ್ದ. ಒಂದು ಸಲ ಗಿರಣಿ ಮಾಲೀಕರ ಗುಂಪಿನ ಜೊತೆ ವಿದೇಶಕ್ಕೆ ಹೋಗಿ ಹತ್ತು ದಿನ ಇದ್ದು ಬಂದ ನೋಡಿ, ಆಮೇಲೆ ಮಜ್ಜಿಗೆ ಅವನ ಗಂಟಲಲ್ಲಿ ಇಳಿಯಲಿಲ್ಲ.

ನಾನು ಕುಡಿಯುವವಳಲ್ಲ. ಹೋದದ್ದು ನೋಡುವುದಕ್ಕೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನನಗೆ ಬೇರೆಯವರ ದಡ್ಡತನ ಬೇಗ ಕಾಣುತ್ತದೆ, ಕಂಡಾಗ ಒಳಗೊಳಗೇ ಖುಷಿಯಾಗುತ್ತದೆ. ಇದು ಒಳ್ಳೆಯ ಗುಣ ಅಂತ ನಾನು ಹೇಳುತ್ತಿಲ್ಲ.

ಬುಕ್ಕಸಾಗರದ ಹತ್ತಿರ, ಹೊಳೆಯ ದಂಡೆಗೆ ತಮ್ಮನ ಬಾಳೆ ತೋಟ, ಅದರೊಳಗೊಂದು ಮನೆ. ಸಂಡೂರಿನಿಂದ ಅದಿರು ಲಾರಿಗಳ ಮಾಲೀಕನೊಬ್ಬ ಬಂದಿದ್ದ. ಹೊಸಪೇಟೆಯಿಂದ ಒಬ್ಬ ಹಲ್ಲಿನ ಡಾಕ್ಟರು. ಇಬ್ಬರ ಹೆಂಡತಿಯರೂ ಬೆವರಿನಲ್ಲಿ ತೊಯ್ದ ರೇಷ್ಮೆ ಸೀರೆಯಲ್ಲಿದ್ದರು. ಕಮಲಾಪುರದ ಕಡೆಯ ಒಂದು ರೆಸಾರ್ಟಿನ ಮ್ಯಾನೇಜರನನ್ನು ವೈನ್ ಬಲ್ಲವನೆಂದು ವಿಶೇಷವಾಗಿ ಕರೆಸಿದ್ದರು. ಇವರೆಲ್ಲರಿಗೂ ಗ್ಲಾಸು ಕೊಡಲು ಬಿಳಿ ಅಂಗಿ ತೊಟ್ಟು ನಿಂತಿದ್ದ ಮುದುಕನನ್ನು ನೋಡಿದಾಗ ಮಾತ್ರ ನನಗೆ ನಗು ಬರಲಿಲ್ಲ.

ಅವನು ಅಪ್ಪನ ಕಾಲದಿಂದ ಗಿರಣಿಯಲ್ಲಿ ಭತ್ತ ನೋಡುತ್ತಿದ್ದವನು. ನಾನು ಕಾಕಾ ಎನ್ನುತ್ತೇನೆ. ಲಾರಿ ಬಂದರೆ ಚೀಲಕ್ಕೆ ಕೊಳವೆ ಚುಚ್ಚಿ ಹಿಡಿ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ ಮೂಸಿ, ಎರಡು ಕಾಳು ಮುಂದಿನ ಹಲ್ಲಿನಲ್ಲಿ ಕಡಿಯುತ್ತಿದ್ದ. ಕಡಿದ ಸದ್ದಿನಲ್ಲೇ ಭತ್ತ ಎಷ್ಟು ಒಣಗಿದೆ ಎಂದು ಹೇಳುತ್ತಿದ್ದ. ಹಸಿ ಭತ್ತವನ್ನು ರಾಶಿ ಹಾಕಿ ಮುಚ್ಚಿಟ್ಟರೆ ಒಳಗೇ ಬಿಸಿಯಾಗಿ ಕೆಡುತ್ತದೆ. ಅದಕ್ಕೆ ಕಾವು ಹತ್ತುವುದು ಎನ್ನುತ್ತಾರೆ. ಕಾವು ಹತ್ತಿದ ಒಂದು ಚೀಲ ಲಾರಿಯ ತಳದಲ್ಲಿದ್ದರೂ ಕಾಕಾನ ಮೂಗಿಗೆ ತಿಳಿಯುತ್ತಿತ್ತು. ಅವನು ಬೇಡವೆಂದ ಲಾರಿಯನ್ನು ಅಪ್ಪ ಒಂದು ಮಾತೂ ಆಡದೆ ವಾಪಸ್ಸು ಕಳಿಸುತ್ತಿದ್ದರು.

ಹಿಂದಿನ ವರ್ಷ ಕಾಕಾ ತನ್ನ ಮೈದುನನಿಗೆ ಮಣ್ಣು ಕೊಟ್ಟು ಬಂದು, ಅವರಲ್ಲಿಯ ಪದ್ಧತಿಯಂತೆ ನಾಲ್ಕು ಜನರ ಜೊತೆ ಕುಳಿತು ಕುಡಿದಿದ್ದ. ಮರುದಿನ ಬೆಳಿಗ್ಗೆ ಬಾಯಿಂದ ವಾಸನೆ ಬಂತು. ನಮ್ಮದು ಲಿಂಗ ಕಟ್ಟಿದವರ ಗಿರಣಿ, ಕುಡುಕರಿಗೆ ಇಲ್ಲಿ ಜಾಗವಿಲ್ಲ ಎಂದು ತಮ್ಮ ಅವತ್ತೇ ಬಿಡಿಸಿದ. ಅವನ ಜಾಗಕ್ಕೆ ತೇವ ಅಳೆಯುವ ಒಂದು ಮಷೀನು ಬಂತು. ಈಗ ಬೇಸಿಗೆ ಭತ್ತದ ಲಾರಿಗಳು ಸಾಲಾಗಿ ಬರುತ್ತಿದ್ದವು, ಮಷೀನಿಗೆ ವಾಸನೆ ತಿಳಿಯದೆಂದು ತಮ್ಮನಿಗೂ ಅರ್ಥವಾಗಿತ್ತು. ಪಾರ್ಟಿಯ ದಿನ ತೋಟಕ್ಕೆ ಬಾ, ಆಮೇಲೆ ನೋಡೋಣ ಎಂದಿದ್ದನಂತೆ. ಕಾಕಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ.

“ಅಕ್ಕಾರ, ಇವತ್ತು ಸಾವ್ಕಾರ್ರು ಹೂಂ ಅಂತಾರ. ನಾಳೆಯಿಂದ ಗಿರಣಿಗೆ ಹೋಗ್ತೀನ್ರಿ.”

ಆಗಲಿ ಕಾಕಾ ಎಂದೆ. ಅಷ್ಟರಲ್ಲಿ ತಮ್ಮ ಬಂದು ಕೊರಳಿನ ಶಿವದಾರ ತೆಗೆದ. ಬೆಳ್ಳಿಯ ಕರಡಿಗೆಯನ್ನು ಒಳಗಿನ ಲಿಂಗದ ಸಮೇತ ನನ್ನ ಕೈಯಲ್ಲಿಟ್ಟು, ಸ್ವಲ್ಪ ಹಿಡಿದುಕೋ ಅಕ್ಕ, ಮೈಮೇಲೆ ಇಟ್ಟುಕೊಂಡು ಕುಡಿಯಬಾರದು ಎಂದ. ಅಪ್ಪ ಅದನ್ನು ಒಂದು ದಿನವೂ ಇಳಿಸಲಿಲ್ಲ, ಮಣ್ಣಿಗೂ ಕಟ್ಟಿಕೊಂಡೇ ಹೋದರು. ಮಗ ಚಪ್ಪಲಿ ಬಿಟ್ಟಷ್ಟು ಸುಲಭವಾಗಿ ಇಳಿಸಿದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನಗೆ ಅಸಹ್ಯವಾಯಿತು, ಆದರೂ ಹಿಡಿದುಕೊಂಡೆ.

ಮ್ಯಾನೇಜರ್ ತಾನು ಐಸಿನ ಡಬ್ಬಿಯಲ್ಲಿ ತಂದಿದ್ದ ಒಂದು ಬಾಟಲಿ ಬಿಚ್ಚಿ ಉಪನ್ಯಾಸ ಶುರುಮಾಡಿದ. ಬಿಸಿಲ ನಾಡಿಗೆ ಬಿಳಿಯದೇ ಸರಿ, ಕೆಂಪು ಬೇಡ. ಚೆನ್ನಾಗಿ ತಂಪಾಗಿರಬೇಕು. ಗ್ಲಾಸಿನ ಕಾಲು ಹಿಡಿಯಬೇಕು, ಹೊಟ್ಟೆ ಹಿಡಿದರೆ ಕೈಯ ಬಿಸಿ ತಾಗುತ್ತದೆ. ತಿರುಗಿಸಿ ಮೂಸಿದರೆ ಮಾವಿನಕಾಯಿ, ನಿಂಬೆ, ಒದ್ದೆ ಕಲ್ಲು ಎಲ್ಲವೂ ಸಿಗುತ್ತವೆ. ತಲೆಯ ಮೇಲೆ ಮಾವಿನ ಮರವಿತ್ತು, ಕಾಯಿ ಜೋತಾಡುತ್ತಿದ್ದವು. ಯಾರೂ ಕತ್ತೆತ್ತಲಿಲ್ಲ. ಕಲ್ಲಂತೂ ಕೇಳಲೇಬೇಡಿ. ಹಂಪಿಯ ಮಗ್ಗುಲಲ್ಲಿ ಹುಟ್ಟಿ ಬೆಳೆದವರು ಕಲ್ಲಿನ ವಾಸನೆಗೆ ಗ್ಲಾಸಿನಲ್ಲಿ ಮೂಗು ಅದ್ದಿದ್ದರು. ಸಂಡೂರಿನವನು ಹೂಂ, ಕಲ್ಲು ಬಂತು ಎಂದ. ಡಾಕ್ಟರ ಹೆಂಡತಿ ಮೊದಲು ಗ್ಲಾಸಿನ ಫೋಟೊ ತೆಗೆದು, ಆಮೇಲೆ ಸೋಡಾ, ಉಪ್ಪು, ಸಕ್ಕರೆ ಬೆರೆಸಿ ಶರಬತ್ತು ಮಾಡಿಕೊಂಡಳು. ಅಲ್ಲಿದ್ದವರಲ್ಲಿ ಅವಳೊಬ್ಬಳೇ ಜಾಣೆ.

ಆ ಬಾಟಲಿ ಮುಗಿಯಿತು. ತಮ್ಮ ತನ್ನದೇ ಪೆಟ್ಟಿಗೆ ತರಿಸಿದ. ಬೆಂಗಳೂರಿನಿಂದ ತಂದದ್ದು, ಅದೇ ಜಾತಿಯ ವೈನು. ಬರುವ ದಾರಿಯಲ್ಲಿ ಚಿತ್ರದುರ್ಗದಲ್ಲಿ ಒಂದು ಮದುವೆ ಮುಗಿಸಿ ಬಂದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡಲೇ ಇಲ್ಲ ಅವರು ಎಂದು ಜಂಬದಿಂದ ಹೇಳಿಕೊಂಡ. ಅಷ್ಟು ಹೊತ್ತೂ ಪೆಟ್ಟಿಗೆ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿತ್ತು. ಊರಿಗೆ ಬಂದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅವನ ಲೆಕ್ಕ. ಭತ್ತಕ್ಕೆ ಬಿಸಿ ಬಡಿದರೆ ಏನಾಗುತ್ತದೆ ಎಂಬುದನ್ನು ತಿಳಿದೇ ಅನ್ನ ತಿನ್ನುವ ಮನೆತನ ನಮ್ಮದು.

ಕಾಕಾ ಬಿರಡೆ ತೆಗೆದು ಗ್ಲಾಸಿಗೆ ಬಗ್ಗಿಸುತ್ತ ನಿಂತವನು ಕೈ ತಡೆದ. ಮೂಗಿನ ಹತ್ತಿರ ಹಿಡಿದು ನೋಡಿದ. ಮೊದಲಿನ ಖಾಲಿ ಬಾಟಲಿಯನ್ನೂ ಮೂಸಿದ. ಆಮೇಲೆ ನನ್ನ ಕಡೆ ಬಂದ.

“ಇದಕ್ಕ ಕಾವು ಹತ್ತೈತ್ರಿ, ಅಕ್ಕಾರ. ಅದು ಬ್ಯಾರೆ, ಇದು ಬ್ಯಾರೆ. ಬಿಸಿಗೆ ಬಿರಡೆನೂ ಮ್ಯಾಲ ಎದ್ದಿತ್ತು.”

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಈ ಮೂಗುಗಳ ಮುಂದೆ ಈ ಮೂಗು! ತಮ್ಮನ ಮುಖ ಸಣ್ಣಗಾಗುವುದನ್ನು ಆಗಲೇ ಕಣ್ಣಮುಂದೆ ಕಂಡುಬಿಟ್ಟೆ. ಕಾಕಾ ಬಾಟಲಿಯನ್ನು ಸುಮ್ಮನೆ ಪಕ್ಕಕ್ಕಿಡಲು ಹೊರಟಿದ್ದ. ನಾನೇ ತಡೆದೆ.

“ಎಲ್ಲಾರ ಮುಂದ ಹೇಳ್ರಿ ಕಾಕಾ. ನೀವ ಹೇಳ್ರಿ.”

ಅವನು ಒಮ್ಮೆ ನನ್ನ ಮುಖ ನೋಡಿದ. ಅಪ್ಪನ ಮಗಳು ಹೇಳಿದಳೆಂದು ಮುಂದೆ ಹೋಗಿ, ಕೈಕಟ್ಟಿ ನಿಂತು, ಸಾವ್ಕಾರ್ರೇ ಇದು ಕೆಟ್ಟೈತ್ರಿ ಎಂದ. ತಮ್ಮ ತನ್ನ ಕೈಯಲ್ಲಿದ್ದ ಗ್ಲಾಸನ್ನು ನೋಡಿದ, ಕಾಕಾನನ್ನು ನೋಡಿದ.

“ಎಷ್ಟು ಕುಡದೀಲೇ?”

ಕುಡಿದಿಲ್ಲ, ಮೂಸಿ ನೋಡಿದೆ ಎಂದು ಕಾಕಾ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಸಂಡೂರಿನವನು ನಕ್ಕ. ತಮ್ಮ ಮ್ಯಾನೇಜರನ ಕಡೆ ತಿರುಗಿದ. ಅವನು ಅದನ್ನೇ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದು, ತಮ್ಮನ ಮುಖ ನೋಡಿ, ಫಸ್ಟ್ ಕ್ಲಾಸ್ ಸರ್ ಎಂದ. ಕೂಡಲೇ ಡಾಕ್ಟರಿಗೂ ಅದು ಮೊದಲಿನದಕ್ಕಿಂತ ರುಚಿಯಾಯಿತು. ಕುಡಿತದ ಚಟ ಮುದುಕನನ್ನು ಬಿಟ್ಟಿಲ್ಲ, ಇನ್ನು ಗಿರಣಿಯ ಕಡೆ ತಲೆ ಹಾಕಬಾರದು ಎಂದು ತಮ್ಮ ಅಲ್ಲೇ ತೀರ್ಪು ಕೊಟ್ಟ.

ಆ ಹೊತ್ತಿನಲ್ಲಿ ನಾನು ಮಾಡುತ್ತಿದ್ದುದೇನು? ಮ್ಯಾನೇಜರ್ ತನ್ನ ಗ್ಲಾಸನ್ನು ಮೆಲ್ಲಗೆ ಬಾಳೆಯ ಬುಡಕ್ಕೆ ಸುರಿಯುತ್ತಿದ್ದುದನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಎಂಥ ಹೇಡಿ ಇವನು ಎಂದುಕೊಳ್ಳುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಕಾಕಾ ಟ್ರೇ ಇಟ್ಟು ಗೇಟಿನತ್ತ ನಡೆದಿದ್ದ.

ಬಿಸಿಲಲ್ಲಿ ಹಿಂದೆ ಓಡಿದೆ. ನೀವು ಹೇಳಿದ್ದೇ ಖರೆ ಕಾಕಾ, ಆ ಮ್ಯಾನೇಜರನೂ ಚೆಲ್ಲಿಬಿಟ್ಟ, ನಾನು ಕಣ್ಣಾರೆ ಕಂಡೆ ಎಂದೆ. ಅವನಿಗೆ ಅದು ಸಮಾಧಾನವಾಗುತ್ತದೆ ಎಂದು ನಾನು ನಿಜವಾಗಿಯೂ ತಿಳಿದಿದ್ದೆ. ಅವನು ನಿಂತ. ಸಿಟ್ಟೇನೂ ಇರಲಿಲ್ಲ.

“ನೀವ ಹೇಳಬೌದಿತ್ತಲ್ರಿ, ಅಕ್ಕಾರ. ಎಷ್ಟು ಕುಡದೀರಿ ಅಂತ ನಿಮ್ಮನ್ನ ಯಾರೂ ಕೇಳ್ತಿರಲಿಲ್ಲ.”

ಅಷ್ಟು ಹೇಳಿ ಬಸ್ಸಿನ ರಸ್ತೆಗೆ ಹೋದ. ನಾನು ತೋಟಕ್ಕೆ ಹಿಂತಿರುಗಿದೆ. ತಮ್ಮ ಕುಡಿದು ಮುಗಿಸಿ ಕೈ ಬಾಯಿ ತೊಳೆದುಕೊಂಡು ಬರುವ ತನಕ ಕರಡಿಗೆ ಹಿಡಿದುಕೊಂಡೇ ಕುಳಿತಿದ್ದೆ.