ಅವರ ಕೈಗೆ ಹೊಂದಿಸಿದ ಹಿಡಿಗಳು

ನನ್ನ ಗಂಡ ಹುಲಕೋಟಿ ಹತ್ತಿರದ ವಸತಿ ಶಾಲೆಯೊಂದರ ಆಟದ ಮೈದಾನ ನೋಡಿಕೊಳ್ಳುತ್ತಿದ್ದರು. ಹೋದ ಮಳೆಗಾಲದಲ್ಲಿ ಜ್ವರವೆಂದು ಗದಗಿನ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಶಾಲೆಯವರು ಅವರ ಕೆಲಸವನ್ನೇ ನನಗೆ ಕೊಟ್ಟರು. ಮೈದಾನದ ಮೂಲೆಯ ಒಂದು ಕೋಣೆಯ ಮನೆಯನ್ನೂ ಬಿಡಿಸಲಿಲ್ಲ. ನಾನು ಬೆಟಗೇರಿಯಲ್ಲಿ ಮಗ್ಗದ ಮುಂದೆ ಬೆಳೆದವಳು. ಹುಲ್ಲು ಕತ್ತರಿಸುವ ಯಂತ್ರ ಹತ್ತುವ ದಿನ ಬರುತ್ತದೆಂದು ಎಣಿಸಿರಲಿಲ್ಲ.

ಆ ಯಂತ್ರಕ್ಕೆ ಸ್ಟೇರಿಂಗ್ ಚಕ್ರವಿಲ್ಲ. ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಹಿಡಿ. ಎರಡನ್ನೂ ತಳ್ಳಿದರೆ ಮುಂದೆ, ಎಳೆದರೆ ಹಿಂದೆ. ಒಂದನ್ನು ತಳ್ಳಿ ಇನ್ನೊಂದನ್ನು ಎಳೆದರೆ ನಿಂತಲ್ಲೇ ಗರ್ರನೆ ತಿರುಗುತ್ತದೆ. ನನ್ನ ಗಂಡ ಆರಡಿ ಆಳು, ಉದ್ದ ತೋಳು. ನಾನು ಅವರ ಭುಜಕ್ಕೂ ಬರುತ್ತಿರಲಿಲ್ಲ. ಆಸನವನ್ನು ಪೂರ್ತಿ ಮುಂದೆ ಸರಿಸಿದರೂ ಹಿಡಿಗಳು ನನಗೆ ದೂರ. ತಳ್ಳಲೆಂದು ಬಗ್ಗಿದರೆ ಮೈ ಆಸನದಿಂದ ಮೇಲೇಳುತ್ತಿತ್ತು. ಕೂತವರು ಎದ್ದರೆ ಎಂಜಿನ್ ತಾನೇ ನಿಲ್ಲುವಂತೆ ಆಸನದಡಿ ಒಂದು ಸ್ವಿಚ್ಚಿದೆ. ಧಡ್ಡನೆ ನಿಲ್ಲುವುದು, ಮತ್ತೆ ಚಾಲೂ ಮಾಡುವುದು, ಇದೇ ಆಯಿತು. ಕೌದಿ ಮಡಚಿ ಬೆನ್ನಿಗಿಟ್ಟುಕೊಂಡು ಓಡಿಸತೊಡಗಿದೆ.

ಶಾಲೆಯ ಅಡುಗೆಯಾಕೆ ನೋಡಿ, "ಯಾಕ ಹಂಗ ಜೋತುಬಿದ್ದು ಹೊಡೀತೀರಿ? ಹಿಡಿ ಹತ್ರ ಮಾಡಿಸ್ಕೋಬಾರದೇನ್ರಿ?" ಎಂದಳು.

"ಮಾಡಿಸಿದ್ರಾತು ಬಿಡ್ರಿ," ಎಂದೆ. ಮಾಡಿಸಲಿಲ್ಲ. ಅವರ ಅಂಗಿ, ಧೋತರಗಳನ್ನು ನಾದಿನಿ ಶಿರಹಟ್ಟಿಗೆ ಒಯ್ದಾಗಿತ್ತು. ಚಪ್ಪಲಿಯನ್ನು ನಾನೇ ಯಾರಿಗೋ ಕೊಟ್ಟಿದ್ದೆ. ಅವರ ಮೈಯಳತೆಯದೆಂದು ಉಳಿದದ್ದು ಆ ಹಿಡಿಗಳಷ್ಟೇ. ಅವುಗಳ ರಬ್ಬರು ಅವರ ಅಂಗೈಯಲ್ಲಿ ಸವೆದು ನುಣ್ಣಗಾಗಿತ್ತು. ಅವರು ಕೈ ಚಾಚುತ್ತಿದ್ದಲ್ಲಿಗೇ ನಾನೂ ಚಾಚುತ್ತೇನಲ್ಲ ಎಂಬುದೇ ನನಗೊಂದು ಆಸರೆಯಾಗಿತ್ತು. ಯಾರಿಗೆ ಹೇಳಲಿ ಇದನ್ನು?

ಬೇಸಿಗೆ ರಜೆ ಬಂತು. ಮಕ್ಕಳು, ಮಾಸ್ತರರು, ಅಡುಗೆಯಾಕೆ, ಎಲ್ಲರೂ ಊರಿಗೆ ಹೋದರು. ಇಡೀ ಮೈದಾನಕ್ಕೆ ನಾನೊಬ್ಬಳೇ. ಒಂದು ಮುಂಜಾನೆ ಬಗ್ಗಿ ತಳ್ಳುವಾಗ ಎಡಗೈ ಜಾರಿತು. ಯಂತ್ರ ಗಕ್ಕನೆ ತಿರುಗಿ ಮೈದಾನದಂಚಿನ ಗೋಡೆಗೆ ಗುದ್ದಿತು. ಎದೆ ಹಿಡಿಗೆ ಬಡಿದು ಉಸಿರು ಕಟ್ಟಿತು. ಇಳಿದು ಎಷ್ಟೋ ಹೊತ್ತು ಹುಲ್ಲಿನ ಮೇಲೆ ಕೂತಿದ್ದೆ. ಕೂಗಿದರೂ ಕೇಳುವವರಿರಲಿಲ್ಲ. ಆಮೇಲೆ ಲಕ್ಷ್ಮೇಶ್ವರದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ.

ಬಂದವನು ನೆರೆಗಡ್ಡದ ಮನುಷ್ಯ. ಹಿಡಿ ಅಲ್ಲಾಡಿಸಿ ನೋಡಿ ಕೇಳಿದ: "ಇದನ್ನ ಯಾರ ಕೈಗೆ ಹೊಂದಿಸ್ಯಾರ್ರಿ? ಬಾಳ ದೂರ ಐತಿ."

"ನಮ್ಮ ಮನಿಯವರ ಕೈಗೆ."

ಅವನು ನನ್ನ ಮುಖ ನೋಡಿದ. ಬೋಲ್ಟು ಬಿಚ್ಚುವ ಪಾನಾ ತೆಗೆದು, "ನಾ ಬಿಚ್ಚಲೇನ್ರಿ, ನೀವ ಬಿಚ್ತೀರೋ?" ಎಂದ.

"ಕೊಡ್ರಿ ಇಲ್ಲೆ," ಎಂದೆ.

ಬೋಲ್ಟುಗಳು ಬಿಗಿಯಾಗಿದ್ದವು. ಬಿಚ್ಚಿದಾಗ, ಅವರು ಬಿಗಿದಂದಿನಿಂದ ಅವುಗಳಡಿ ಮುಚ್ಚಿದ್ದ ಹಳದಿ ಬಣ್ಣ ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ಕಂಡದ್ದೇ ಅಳು ಬಂತು. ಅವನು ಅತ್ತ ತಿರುಗಿ ಬ್ಲೇಡು ನೋಡುತ್ತ ನಿಂತ. ನಾನು ಕಣ್ಣೊರೆಸಿಕೊಂಡು ಹಿಡಿಗಳನ್ನು ಕೆಳಗಿನ ತೂತಿಗಿಳಿಸಿ, ನನ್ನತ್ತ ಎಳೆದುಕೊಂಡೆ.

"ಎರಡೂ ತುದಿ ಸಮ ಬರಬೇಕ್ರಿ. ಹಾಂ, ಈಗ ಬಿಗೀರಿ."

ಓಡಿಸಿದರೆ ಯಂತ್ರ ಎಡಕ್ಕೆ ಎಳೆಯಿತು. "ಬಲಗಡಿ ಚಕ್ರ ಜೋರ ಓಡಾಕತ್ತೈತಿ," ಎಂದು ಅವನು ಬಲಗಡೆಯ ಹಿಡಿಯನ್ನು ತಡೆಯುವ ಬೋಲ್ಟನ್ನು ಚೂರು ತಿರುವಿ ಆ ಚಕ್ರದ ಓಟ ತಗ್ಗಿಸಿದ. ಮತ್ತೆ ಓಡಿಸಿದೆ. ಬೆನ್ನು ಆಸನಕ್ಕಂಟಿ, ಮೊಣಕೈ ಮಡಚಿಕೊಂಡು ಆರಾಮಾಗಿ ಕೂತಿದ್ದೆ. ದಾರ ಎಳೆದಂತೆ ನೆಟ್ಟಗೆ ಹೋಯಿತು.

ಅವನು ಹೋದ ಮೇಲೆ ಸಂಜೆಯವರೆಗೂ ಕತ್ತರಿಸಿದೆ. ಮೈ ನೋಯಲಿಲ್ಲ. ಕೆಲಸ ಇಷ್ಟು ಹಗುರಾದದ್ದಕ್ಕೇ ಯಾಕೋ ಸಂಕಟವಾಯಿತು. ಮುಂಡರಗಿಯಲ್ಲಿರುವ ತಂಗಿಗೆ ಫೋನ್ ಹಚ್ಚಿದೆ.

"ಮಷೀನಿನ ಹಿಡಿ ನನ್ನ ಕೈಗೆ ಹೊಂದಿಸ್ಕೊಂಡೆ," ಎಂದೆ.

"ಏನಂದಿ? ಮನ್ಯಾಗ ಮಂದಿ ಬಂದಾರ, ಸರಿಯಾಗಿ ಕೇಳವಲ್ದು."

"ಏನಿಲ್ಲ ತಗೋ. ಆರಾಮ ಅದೀರೇನ ಅಂದೆ."

"ಹೂಂ, ಎಲ್ಲಾರೂ ಆರಾಮ. ನೀ?"

"ನಾನೂ ಆರಾಮ," ಎಂದು ಫೋನಿಟ್ಟೆ.