ತೆಪ್ಪೆಯ್ ಕೋಟಿನ ಎರಡನೇ ಗುಂಡಿ

ಕಸುಮಿ ತೊಕುನಾಗಾ ಟೋಕಿಯೋದ ನೆರಿಮಾದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೂತು ಒಂಬತ್ತು ವರ್ಷದಿಂದ ಹೈಸ್ಕೂಲು ಮಕ್ಕಳ ಪ್ರೇಮದ ಚಿತ್ರಕಥೆ ಬರೆಯುತ್ತಿದ್ದಳು. ವಯಸ್ಸು ನಲವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ, ಮಣಿಕಟ್ಟಿಗೆ ಸದಾ ನೋವಿನ ಪಟ್ಟಿ. ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬರುವ ಅವಳ ಮಾಂಗಾದಲ್ಲಿ, ಅಂದರೆ ಚಿತ್ರಗಳಲ್ಲೇ ಸಾಗುವ ಕಥೆಯಲ್ಲಿ, ಕೊಹಾನಾ ಎಂಬ ಹುಡುಗಿಯೂ ತೆಪ್ಪೆಯ್ ಎಂಬ ಹುಡುಗನೂ ಒಬ್ಬರಿಗಾಗಿ ಒಬ್ಬರು ಒದ್ದಾಡುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟ ದಿನ ಕಥೆ ಮುಗಿಯಿತು, ಕಸುಮಿಯ ಅನ್ನವೂ ಮುಗಿಯಿತು. ಹಾಗಾಗಿ ಇನ್ನೇನು ಹೇಳಿಯೇಬಿಟ್ಟ ಅನ್ನುವಾಗ ಶಾಲೆಯ ಗಂಟೆ ಹೊಡೆಯಬೇಕು, ಇಲ್ಲವೇ ಯಾರೋ ದರಿದ್ರದವರು ಬಾಗಿಲು ತೆಗೆಯಬೇಕು. ಓದುಗರು ಬೈದುಕೊಂಡೇ ಓದುತ್ತಿದ್ದರು.

ಆ ಅಕ್ಟೋಬರಿನಲ್ಲಿ ಅವಳ ಕೈ ಒಂದು ಎಡವಟ್ಟು ಮಾಡಿತು. ತೆಪ್ಪೆಯ್ ತೊಡುವ ಶಾಲೆಯ ಸಮವಸ್ತ್ರದ ಕೋಟಿನ ಗುಂಡಿಯೊಂದರ ಮೇಲೆ ಶಾಯಿ ಹರಡಿತೆಂದು ಸುತ್ತ ಕಪ್ಪು ತುಂಬಿದಳು; ಗುಂಡಿಯನ್ನು ಮತ್ತೆ ಬರೆಯುವುದು ಮರೆತಳು. ಸಂಪಾದಕನ ಕಣ್ಣಿಗೂ ಬೀಳದೆ ಪುಟ ಅಚ್ಚಾಯಿತು. ಬೇರೆ ಯಾವ ಗುಂಡಿ ಹೋಗಿದ್ದರೂ ಕೇಳುವವರಿರಲಿಲ್ಲ. ಹೋದದ್ದು ಮೇಲಿನಿಂದ ಎರಡನೆಯದು, ಎದೆಗೆ ಹತ್ತಿರದ್ದು. ಅಲ್ಲಿನ ರೂಢಿಯಂತೆ, ಶಾಲೆಯ ಓದು ಮುಗಿಸಿ ಹೊರಡುವ ದಿನ ಹುಡುಗ ತನ್ನ ಮನಸ್ಸಿನ ಹುಡುಗಿಗೆ ಕಿತ್ತು ಕೊಡುವುದು ಅದನ್ನೇ. ಮಾರ್ಚಿನಲ್ಲಿ ಕೊಡಬೇಕಾದ್ದು ಈಗಲೇ ಮಾಯವೆಂದರೆ ಅದಾಗಲೇ ಯಾರದೋ ಕೈ ಸೇರಿದೆ. ಯಾರದು? ದೇಶದ ಹುಡುಗಿಯರೆಲ್ಲ ಅದನ್ನೇ ಕೇಳತೊಡಗಿದರು.

ಮುಂದಿನ ಕಂತು ಒಯ್ಯಲು ಸಂಪಾದಕ ಇನೊಮಾತಾ ಮನೆಗೇ ಬಂದು ಕೂತ. ಬಾಯಲ್ಲಿ ‘ಸೆನ್ಸೇ, ಸೆನ್ಸೇ’ ಎಂಬ ಗುರುಭಕ್ತಿ, ಕಣ್ಣು ಮಾತ್ರ ಗಡಿಯಾರದ ಮೇಲೆ. ಸಂಜೆ ಐದಕ್ಕೆ ಪುಟಗಳು ಅಚ್ಚಿಗೆ ಹೊರಡಬೇಕು.

“ಸೆನ್ಸೇ, ಬಂಪರ್ ಹೊಡೀತು! ಓದುಗರ ಮತದಲ್ಲಿ ತಳದಲ್ಲಿದ್ದೋರು ಮೂರನೇ ಜಾಗಕ್ಕೆ ಬಂದ್ವಿ.”

“ಅದು ತಪ್ಪು, ಇನೊಮಾತಾ-ಸಾನ್. ಗುಂಡಿ ಬರೆಯೋದು ಮರೆತೆ, ಅಷ್ಟೆ. ಕ್ಷಮಿಸಿ ಅಂತ ಒಂದು ಸಾಲು ಹಾಕಿ.”

“ತಾನಾಗಿ ಬಂದಿದ್ದನ್ನ ಬಾಗಿಲಲ್ಲೇ ವಾಪಸ್ ಕಳಿಸ್ತಾರಾ ಯಾರಾದ್ರೂ? ಗುಂಡಿ ಆ ಮಿಯು ಹತ್ರ ಇದೆ ಅಂತ ಬರೀರಿ, ಪ್ರಧಾನ ಸಂಪಾದಕರ ಮಾತು ಇದು. ಇನ್ನೆರಡು ವರ್ಷ ಎಳೀಬಹುದು.”

ಮಿಯು ಎಂದರೆ ತೆಪ್ಪೆಯ್ ಹಿಂದೆ ಬಿದ್ದ ಇನ್ನೊಬ್ಬ ಹುಡುಗಿ.

“ತೆಪ್ಪೆಯ್ ಅಂಥವನಲ್ಲ.”

“ನೀವು ಬರೆದ ಹಾಗಿರ್ತಾನೆ, ಅವನದೇನು! ಬರೀಲಿಲ್ಲ ಅಂದ್ರೆ ಹೊಸ ವರ್ಷದೊಳಗೆ ಕಥೆ ನಿಲ್ಲಿಸ್ತಾರಂತೆ. ಬೇಜಾರ್ ಮಾಡ್ಕೋಬೇಡಿ, ನಾನು ಹೇಳ್ತಿರೋದಲ್ಲ.”

ಇಂಥವರು ಯಾವತ್ತೂ ತಾವು ಹೇಳುವುದಿಲ್ಲ, ಮೇಲಿನವರೇ ಹೇಳುವುದು.

ಕಸುಮಿ ಬರೆಯಲು ಕೂತಳು. ಮಿಯು ಅಂಗೈ ಬಿಚ್ಚಿ ಗುಂಡಿ ನೋಡುವ ಚಿತ್ರದ ಚೌಕ ಸಲೀಸಾಗಿ ಬಂತು. ಅದನ್ನು ಮರೆಯಿಂದ ಕಂಡ ಕೊಹಾನಾ ಏನೂ ಕೇಳದೆ ಬೆನ್ನು ತಿರುಗಿಸಬೇಕು. ಅಲ್ಲಿ ಕೈ ನಿಂತಿತು. ನಾಗಾವೊಕಾದ ತನ್ನ ಶಾಲೆಯ ಕೊನೆಯ ದಿನ ಅವಳೂ ಹೀಗೆ ಚಪ್ಪಲಿ ಕಪಾಟಿನ ಮರೆಯಲ್ಲಿ ನಿಂತಿದ್ದಳು. ಸೊರಿಮಾಚಿ ಎಂಬ ಹುಡುಗ ಎದುರು ಬಂದಾಗ ಅವನ ಕೋಟಿನಲ್ಲಿ ಎರಡನೇ ಗುಂಡಿ ಇರಲಿಲ್ಲ. ಇವಳು “ಹೋಗಿ ಬಾ, ಒಳ್ಳೇದಾಗ್ಲಿ” ಎಂದು ಹಿಮದಲ್ಲಿ ಮನೆಗೆ ನಡೆದಳು. ಕೊಟ್ಟಿದ್ದನೋ, ಕಳೆದಿದ್ದನೋ, ಇವಳಿಗೆಂದೇ ಕಿತ್ತು ಜೇಬಿನಲ್ಲಿ ಇಟ್ಟುಕೊಂಡಿದ್ದನೋ, ಇವತ್ತಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದ್ದನ್ನೇ ಒಂಬತ್ತು ವರ್ಷ ಮಾರಿಕೊಂಡು ತಿಂದಿದ್ದಳು. ತನ್ನ ಮೇಲೆ ತನಗೇ ಸಿಟ್ಟು ಬಂತು. ಮಿಯುವಿನ ಚೌಕ ಹರಿದುಹಾಕಿ ಹೊಸ ಹಾಳೆ ಎಳೆದುಕೊಂಡಳು.

ನಾಲ್ಕೂವರೆಗೆ ಇನೊಮಾತಾ ಪುಟಗಳ ಮೇಲೆ ಬಗ್ಗಿದವನು ಹೌಹಾರಿದ.

“ಇದೇನಿದು? ಮಿಯು ಎಲ್ಲಿ? ಕೊಹಾನಾ ‘ಯಾರಿಗೆ ಕೊಟ್ಟೆ’ ಅಂತ ಕೇಳೇಬಿಟ್ಲಾ?”

“ಹೂಂ, ಕೇಳಿದ್ಲು.”

“ಅವನು ಹೇಳ್ಬೇಕಾಗುತ್ತಲ್ರೀ!”

“ಹೇಳ್ತಾನೆ. ಮುಂದಿನ ಪುಟ ನೋಡಿ.”

ಮುಂದಿನ ಪುಟದಲ್ಲಿ ತೆಪ್ಪೆಯ್ ಹೇಳುತ್ತಿದ್ದ: “ಯಾರಿಗೂ ಇಲ್ಲ, ಎಲ್ಲೋ ಉದುರಿ ಹೋಯ್ತು. ಇದ್ದಿದ್ರೆ ನಿಂಗೇ ಕೊಡ್ತಿದ್ದೆ.”

“ಸೆನ್ಸೇ, ಕಥೆ ಮುಗಿದುಹೋಯ್ತು.”

“ಮುಗೀಲಿ.”

ಬೇರೆ ಬರೆಸಲು ಹೊತ್ತಿಲ್ಲ, ಖಾಲಿ ಪುಟ ಅಚ್ಚು ಹಾಕುವಂತಿಲ್ಲ. ಇನೊಮಾತಾ ಬೆವರುತ್ತ ಪುಟಗಳನ್ನು ಜೋಡಿಸಿಕೊಂಡ. ಕೊನೆಯ ಚೌಕ ಕಂಡು ಮತ್ತೆ ನಿಂತ. ಕೊಹಾನಾಗೆ ಮುಖವೇ ಇರಲಿಲ್ಲ.

“ಆ ಉತ್ತರ ಕೇಳಿದ ಹುಡುಗಿ ಮುಖ ಹೇಗಿರುತ್ತೆ ಅಂತ ನಂಗೊತ್ತಿಲ್ಲ,” ಎಂದಳು ಕಸುಮಿ. ತನ್ನದೇ ಮುಖಭಾವ ನೋಡಿಕೊಂಡು ಚಿತ್ರ ಬರೆಯಲೆಂದು ಮೇಜಿನ ಮೇಲಿಟ್ಟಿದ್ದ ಕನ್ನಡಿಯನ್ನು ಹತ್ತಿರ ಎಳೆದುಕೊಂಡಳು. “ಆ ಮಾತು ಒಂದ್ಸಲ ನೀವು ಹೇಳಿ.”

“ನಾನಾ?”

“ಹೊತ್ತಾಗ್ತಿದೆ, ಹೇಳಿ.”

ಇನೊಮಾತಾ ಕಾಲುಚೀಲದಲ್ಲಿ ನೆಟ್ಟಗೆ ನಿಂತು, ಕಿವಿ ಕೆಂಪಗಾಗಿ, ಅವಳ ಬೆನ್ನಿಗೆ ಹೇಳಿದ: “ಇದ್ದಿದ್ರೆ ನಿಂಗೇ ಕೊಡ್ತಿದ್ದೆ.”

ಕಸುಮಿ ಕನ್ನಡಿ ನೋಡಿದಳು. ಕಣ್ಣು ಒರೆಸಿಕೊಳ್ಳದೆ, ಕಂಡದ್ದನ್ನು ಕಂಡ ಹಾಗೆ ಬರೆದು ಪುಟ ಅವನ ಕೈಗಿಟ್ಟಳು.